ಯುದ್ಧದಿಂದ ಓಡಿಬಂದವರಿಗೆ ಮೊದಲು ಕೊಡಬೇಕಾದ್ದು ಏನು?

ಪ್ರಶ್ನೆ: 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಏರಿದಾಗ ಜಮಖಂಡಿ ತಾಲೂಕಿನ ನಮ್ಮೂರ ಮಂದಿ ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರದಲ್ಲಿ ಹನ್ನೆರಡು ದಿನ ಇದ್ದೆವು. ಅಷ್ಟರಲ್ಲೇ ನೀರಿಗೆ ಜಗಳ, ಪಾಯಖಾನೆಗೆ ಪಾಳಿ, ಹುಡುಗರಿಗೆ ಭೇದಿ. ಈಗ ಟಿವಿಯಲ್ಲಿ ಉಕ್ರೇನ್, ಸುಡಾನ್‌ಗಳಿಂದ ಲಕ್ಷಗಟ್ಟಲೆ ಜನ ಗಡಿ ದಾಟುವುದನ್ನು ನೋಡಿದರೆ, ಒಂದು ದೇಶ ಇಷ್ಟು ಮಂದಿಯನ್ನು ಹೇಗೆ ಸಂಭಾಳಿಸಬೇಕು ಅನ್ನಿಸುತ್ತದೆ. ಬಂದವರನ್ನೆಲ್ಲ ಒಳಗೆ ಬಿಡಬೇಕೇ? ಬಿಟ್ಟರೆ ಎಲ್ಲಿ ಇಡಬೇಕು, ದುಡಿಯಲು ಬಿಡಬೇಕೇ? ಆಲಮಟ್ಟಿ ಹಿನ್ನೀರಿನ ನಮ್ಮ ಮುಳುಗಡೆ ಜನರ ಪುನರ್ವಸತಿ ಕೆಲಸವೇ ಮುಗಿಯದಿರುವಾಗ ಹೊರಗಿನವರಿಗೆ ಖರ್ಚು ಮಾಡುವುದು ನ್ಯಾಯವೇ?

ಉತ್ತರ: ಆ ಹನ್ನೆರಡು ದಿನದಲ್ಲಿ ನೀವು ಉಂಡ ಮೂರೂ ತೊಂದರೆ ಜಗತ್ತಿನ ಯಾವ ನಿರಾಶ್ರಿತರ ಶಿಬಿರದಲ್ಲೂ ಮೊದಲ ವಾರ ಎದುರಾಗುವಂಥವೇ. ಅವಕ್ಕೆಲ್ಲ ಲೆಕ್ಕವಿದೆ, ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ವ್ಯತ್ಯಾಸ ಬಿಡಿಸಿಕೊಳ್ಳೋಣ. ನೆರೆಯಲ್ಲಿ ನೀವು ಸಂತ್ರಸ್ತರು. ಮನೆ ಬಿದ್ದರೂ ರೇಷನ್ ಕಾರ್ಡು, ಹೊಲದ ಉತಾರ (ಪಹಣಿ), ಮತದಾರರ ಪಟ್ಟಿಯ ಹೆಸರು ಉಳಿದವು. ಪರಿಹಾರ ತಡವಾದರೆ ತಹಶೀಲ್ದಾರ ಕಚೇರಿಯ ಮುಂದೆ ಧರಣಿ ಕೂರಲು ಬಾಯಿತ್ತು. ವಿಜಯಪುರದಿಂದ ಗೋವಾಕ್ಕೆ ಗುಳೆ ಹೋದವರಿಗೂ ಹಬ್ಬಕ್ಕೆ ತಿರುಗಿ ಬರಲು ಊರಿದೆ. ಯುದ್ಧದಿಂದ ಓಡಿಬಂದವರಿಗೆ ಹೋಗಲು ಊರಿಲ್ಲ, ನಿಂತ ನೆಲದಲ್ಲಿ ಕೇಳಲು ಬಾಯಿಲ್ಲ. ಹೀಗಾಗಿ ಅನ್ನ, ನೀರು, ತಾಡಪತ್ರಿಯಷ್ಟೇ ತುರ್ತಾಗಿ ಅವರಿಗೆ ಬೇಕಾದ್ದು ‘ಇವರು ಇಲ್ಲಿ ಕಾಯ್ದೆಬದ್ಧವಾಗಿ ಇದ್ದಾರೆ’ ಎಂದು ಹೇಳುವ ಒಂದು ಕಾಗದ. ಅದನ್ನು ಮೊದಲ ವಾರಗಳಲ್ಲೇ ಕೊಟ್ಟಲ್ಲಿ ಜನ ತಮ್ಮ ಕಾಲ ಮೇಲೆ ನಿಂತಿದ್ದಾರೆ. ‘ಆರು ತಿಂಗಳಲ್ಲಿ ಹೋಗುತ್ತಾರೆ ಬಿಡಿ’ ಎಂದು ಮುಂದೂಡಿದಲ್ಲಿ ಮೊಮ್ಮಕ್ಕಳು ಕೂಡ ಶಿಬಿರದಲ್ಲೇ ಹುಟ್ಟುತ್ತಿದ್ದಾರೆ. ಕೆನ್ಯಾದ ದಾದಾಬ್ ಶಿಬಿರಗಳು 1991ರಲ್ಲಿ ಸೊಮಾಲಿಯಾದಿಂದ ಬಂದವರಿಗೆಂದು ತೆರೆದವು, ಇವತ್ತಿಗೂ ನಡೆಯುತ್ತಿವೆ.

ಒಳಗೆ ಬಿಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು, ಬಿಡಬೇಕು. ನಿರಾಶ್ರಿತರ ಕುರಿತ 1951ರ ಜಿನೀವಾ ಒಪ್ಪಂದದ 33ನೇ ವಿಧಿ, ಜೀವಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಅಪಾಯವಿರುವ ಕಡೆಗೆ ನಿರಾಶ್ರಿತರನ್ನು ಹಿಂದಕ್ಕೆ ದಬ್ಬಬಾರದು ಎನ್ನುತ್ತದೆ. 31ನೇ ವಿಧಿ, ಅಪಾಯದಿಂದ ನೇರವಾಗಿ ಓಡಿಬಂದು ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾದವರಿಗೆ ವೀಸಾ ಇಲ್ಲದೆ ಬಂದದ್ದಕ್ಕೆ ಶಿಕ್ಷೆ ಕೂಡದು ಎನ್ನುತ್ತದೆ. ಬಾಂಬು ಬೀಳುವ ಊರಿನಿಂದ ಪಾಸ್‌ಪೋರ್ಟ್ ಮಾಡಿಸಿಕೊಂಡು ಬರಲು ಯಾರಿಗೆ ಸಾಧ್ಯ? ಆದರೆ ಆ ಒಪ್ಪಂದದಲ್ಲೊಂದು ಕೊರತೆಯೂ ಇದೆ. ಅದರ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳದ ಭಯ ಇರುವವರು ನಿರಾಶ್ರಿತರು. ಯುದ್ಧ ಎಂಬ ಮಾತು ಅಲ್ಲಿಲ್ಲ. ಅದಕ್ಕೇ ಆಫ್ರಿಕಾದ ದೇಶಗಳು 1969ರಲ್ಲಿ, ಲ್ಯಾಟಿನ್ ಅಮೆರಿಕದವರು 1984ರ ಕಾರ್ಟಹೇನಾ ಘೋಷಣೆಯಲ್ಲಿ ಯುದ್ಧ ಮತ್ತು ವ್ಯಾಪಕ ಹಿಂಸೆಯಿಂದ ಓಡಿಬಂದವರನ್ನೂ ಸೇರಿಸಿಕೊಂಡರು. ಯಾವ ದೇಶ ಹೊಸದಾಗಿ ಕಾಯ್ದೆ ಬರೆದರೂ ಈ ಸಾಲು ಅದರಲ್ಲಿ ಇರಬೇಕು. ಇಲ್ಲದಿದ್ದರೆ ಲಕ್ಷ ಜನ ಬಂದಾಗ ‘ನಿನ್ನೊಬ್ಬನನ್ನೇ ಯಾರು ಹುಡುಕಿಕೊಂಡು ಬಂದರು?’ ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತ ವರ್ಷಗಳು ಕಳೆಯುತ್ತವೆ.

ಬಂದವರಲ್ಲಿ ಕೆಟ್ಟವರೂ ಸೇರಿರುತ್ತಾರಲ್ಲ ಎನ್ನುವ ಆತಂಕ ಸುಳ್ಳಲ್ಲ. ಯುದ್ಧಾಪರಾಧ ಮಾಡಿದವರಿಗೆ ನಿರಾಶ್ರಿತರ ರಕ್ಷಣೆ ಸಲ್ಲದು ಎಂದು ಅದೇ ಒಪ್ಪಂದ ಹೇಳುತ್ತದೆ. ಆದರೆ ಅವರನ್ನು ಹಿಡಿಯುವುದು ಬಾಗಿಲು ಮುಚ್ಚಿ ಅಲ್ಲ, ಹೆಸರು ಬರೆದುಕೊಂಡು. ಬಾಗಿಲು ಮುಚ್ಚಿದರೆ ಜನ ಬರುವುದು ನಿಲ್ಲುವುದಿಲ್ಲ. ರಾತ್ರಿ ದಲ್ಲಾಳಿಗೆ ದುಡ್ಡು ಕೊಟ್ಟು ಬರುತ್ತಾರೆ, ಯಾರು ಎಲ್ಲಿದ್ದಾರೆ ಎಂಬುದು ಸರ್ಕಾರಕ್ಕೇ ತಿಳಿಯದಂತಾಗುತ್ತದೆ.

ಎಲ್ಲ ಕೆಡುವುದೂ ಎಲ್ಲ ಸುಧಾರಿಸುವುದೂ ನೋಂದಣಿಯ ಮೇಜಿನಲ್ಲೇ ಆದ್ದರಿಂದ ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಡಿಯಲ್ಲಿ ಮೊದಲ ದಿನ ಬೇಕಾದ್ದು ಬರೀ ಎಣಿಕೆ: ಮನೆಯ ಹಿರಿಯರ ಹೆಸರು, ಎಷ್ಟು ಜನ, ಐದು ವರ್ಷದೊಳಗಿನವರು ಎಷ್ಟು, ಬಸುರಿ ಬಾಣಂತಿಯರು ಇದ್ದಾರೆಯೇ, ಒಂಟಿ ಮಕ್ಕಳಿದ್ದಾರೆಯೇ. ಕುಟುಂಬಕ್ಕೊಂದು ನಂಬರಿನ ಚೀಟಿ ಕೊಟ್ಟು ಊಟಕ್ಕೆ, ನೆರಳಿಗೆ ಕಳಿಸಬೇಕು. ಸವಿವರ ನೋಂದಣಿ ಆಮೇಲೆ, ಕೂತು ಮಾಡುವಂಥದ್ದು: ಫೋಟೊ, ಬೆರಳಚ್ಚು, ಬಿಟ್ಟುಬಂದ ಊರು, ಕಸುಬು, ಓದು, ಕಾಯಿಲೆ, ಕಳೆದುಹೋದ ಬಂಧುಗಳ ಹೆಸರು. ಇವೆರಡನ್ನೂ ಒಂದೇ ದಿನ ಮುಗಿಸಲು ಹೋದರೆ ಪಾಳಿ ಕರಗದೆ ಜನ ಬಿಸಿಲಲ್ಲಿ ಬೀಳುತ್ತಾರೆ.

ತಪ್ಪುಗಳು ಸಣ್ಣವಾಗಿ ಕಾಣುತ್ತವೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ಬರೆಯುವುದು ನಮ್ಮಲ್ಲೂ ಇದೆ. ಶಿಬಿರದಲ್ಲಿ ಅದು ಹದಿನೇಳರ ಹುಡುಗನನ್ನು ಹದಿನೆಂಟರವನನ್ನಾಗಿ ಮಾಡಿ, ಮಕ್ಕಳಿಗೆ ಸಿಗುವ ರಕ್ಷಣೆಯನ್ನು ಕಿತ್ತುಕೊಳ್ಳುತ್ತದೆ. ಅರಬ್ಬಿ ಹೆಸರನ್ನು ಇಂಗ್ಲಿಷಿಗೆ ಇಳಿಸುವಾಗ ಗಂಡನ ಚೀಟಿಯಲ್ಲೊಂದು ಕಾಗುಣಿತ, ಹೆಂಡತಿಯ ಚೀಟಿಯಲ್ಲಿ ಇನ್ನೊಂದು ಆಗಿ, ಕುಟುಂಬ ಎರಡು ಜಿಲ್ಲೆಗೆ ಹಂಚಿಹೋಗುತ್ತದೆ. ಮೂಲ ಲಿಪಿಯಲ್ಲೂ ಹೆಸರು ಬರೆಸಿಕೊಳ್ಳುವುದೇ ಇದಕ್ಕೆ ಪರಿಹಾರ. ಗಂಡಸಿನ ಹೆಸರಿನಲ್ಲಿ ಮಾತ್ರ ಚೀಟಿ ಮಾಡಿದರೆ, ಅವನು ಬಿಟ್ಟುಹೋದ ದಿನ ಹೆಂಡತಿ ಮಕ್ಕಳ ರೇಷನ್ ನಿಲ್ಲುತ್ತದೆ. ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ, ಹೆಂಗಸರಿಗೂ, ಬೇರೆ ಬೇರೆ ಕಾಗದ ಇರಲೇಬೇಕು.

ಆ ಕಾಗದಕ್ಕೆ ಎಷ್ಟು ಬಲವಿರಬೇಕು? 2022ರ ಫೆಬ್ರವರಿ 24ರಂದು ಉಕ್ರೇನ್ ಮೇಲೆ ರಷ್ಯಾ ಪೂರ್ಣ ದಾಳಿ ಮಾಡಿತು. ಯುರೋಪಿಯನ್ ಒಕ್ಕೂಟ 2001ರಲ್ಲೇ ಬರೆದು, ಅಲ್ಲಿಯವರೆಗೆ ಒಮ್ಮೆಯೂ ಬಳಸದಿದ್ದ ತಾತ್ಕಾಲಿಕ ರಕ್ಷಣೆಯ ನಿಯಮವನ್ನು ಮಾರ್ಚ್ 4ರಂದು, ಅಂದರೆ ಎಂಟೇ ದಿನದಲ್ಲಿ ಜಾರಿಗೆ ತಂದಿತು. ಒಬ್ಬೊಬ್ಬರ ವಿಚಾರಣೆ ಇಲ್ಲ. ಅರ್ಹರೆಂದು ತೋರಿದರೆ ವಾಸಕ್ಕೆ ಪರವಾನಗಿ, ದುಡಿಯುವ ಹಕ್ಕು, ಮಕ್ಕಳಿಗೆ ಶಾಲೆ, ಆಸ್ಪತ್ರೆ. ಪೋಲೆಂಡ್ ತನ್ನ ಪ್ರಜೆಗಳಿಗೆ ಕೊಡುವ ಪೆಸೆಲ್ ಸಂಖ್ಯೆಯನ್ನೇ ಅವರಿಗೂ ಕೊಟ್ಟಿತು, ನಮ್ಮಲ್ಲಿ ಆಧಾರ್ ಕೊಟ್ಟಂತೆ. 40 ಲಕ್ಷಕ್ಕೂ ಹೆಚ್ಚು ಜನ ಈ ವ್ಯವಸ್ಥೆಯೊಳಗೆ ಬಂದರು, ದೊಡ್ಡ ದೊಡ್ಡ ಕಾಯಂ ಶಿಬಿರಗಳು ಬೇಕಾಗಲೇ ಇಲ್ಲ. ಅದೇ ಯುರೋಪು 2015ರಲ್ಲಿ ಸಿರಿಯಾದವರಿಗೆ ಈ ನಿಯಮ ಬಳಸಲಿಲ್ಲ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಆದರೆ ಕೆಲಸ ಮಾಡುವ ದಾರಿ ಯಾವುದು ಎಂಬುದಂತೂ ರುಜುವಾತಾಯಿತು.

ದುಡಿಯಲು ಬಿಡುವುದರಲ್ಲೂ ಒಂದು ಸೂಕ್ಷ್ಮವಿದೆ. 2016ರಲ್ಲಿ ಜೋರ್ಡಾನ್ ಸಿರಿಯಾದ ನಿರಾಶ್ರಿತರಿಗೆ 2 ಲಕ್ಷ ಕೆಲಸದ ಅವಕಾಶ ತೆರೆಯುವುದಾಗಿ ಒಪ್ಪಿತು. ಮೊದಮೊದಲು ಪರವಾನಗಿಯನ್ನು ಒಬ್ಬನೇ ಮಾಲೀಕನಿಗೆ ಕಟ್ಟಿಹಾಕಿದ್ದರಿಂದ ಜನ ಮುಂದೆ ಬರಲಿಲ್ಲ. ಕಬ್ಬು ಕಡಿಯುವ ಗ್ಯಾಂಗು ಒಂದೇ ಗದ್ದೆಯಲ್ಲಿ ವರ್ಷವಿಡೀ ನಿಲ್ಲುವುದುಂಟೇ? ತೋಟದ ಆಳಿಗೆ, ಗಾರೆ ಕೆಲಸದವನಿಗೆ ವಾರಕ್ಕೊಬ್ಬ ಮಾಲೀಕ. ಆಮೇಲೆ ಸಹಕಾರ ಸಂಘಗಳ ಮೂಲಕ, ಕಾರ್ಮಿಕ ಒಕ್ಕೂಟದ ಮೂಲಕ ಪರವಾನಗಿ ಕೊಟ್ಟಾಗ ಸಂಖ್ಯೆ ಏರಿತು. ಕೆಲಸಕ್ಕೆ ಬಿಡದಿದ್ದರೂ ನಿರಾಶ್ರಿತರು ದುಡಿಯುವುದು ತಪ್ಪುವುದಿಲ್ಲ. ಕಳ್ಳ ಕೂಲಿಗೆ, ಅರ್ಧ ಪಗಾರಕ್ಕೆ ದುಡಿಯುತ್ತಾರೆ. ಊರಿನ ಕೂಲಿಯವರ ದರ ಬೀಳುವುದು ಆಗ. ಕನಿಷ್ಠ ವೇತನ ಇಬ್ಬರಿಗೂ ಒಂದೇ ಆಗಿದ್ದರೆ ಸ್ಥಳೀಯ ಕೂಲಿಗಾರನಿಗೂ ಅದೇ ರಕ್ಷಣೆ.

ಈಗ ಎಲ್ಲಿ ಇಡಬೇಕು ಎಂಬುದು. ಸಾಧ್ಯವಾದಷ್ಟೂ ಊರುಗಳ ನಡುವೆ, ಬಾಡಿಗೆ ಮನೆಗಳಲ್ಲಿ, ನಗದು ನೆರವು ಕೊಟ್ಟು. ಶಿಬಿರ ಕೊನೆಯ ದಾರಿ. ಕಟ್ಟಲೇಬೇಕಾದರೆ 10,000 ಜನರಿಗೆ ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ಗಂಜಿ ಕೇಂದ್ರ ಎಲ್ಲಿ ತಪ್ಪಿತು ಎಂಬುದೂ ಇದರಲ್ಲೇ ತಿಳಿಯುತ್ತದೆ.

ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ರಸ್ತೆ, ಶಾಲೆ, ಚರಂಡಿ ಎಲ್ಲ ಸೇರಿ ತಲೆಗೆ 45 ಚದರ ಮೀಟರ್ ಜಾಗ, ಅಂದರೆ ಒಟ್ಟು 45 ಹೆಕ್ಟೇರ್, ಸುಮಾರು 111 ಎಕರೆ. ಚಾವಣಿಯ ಕೆಳಗೆ ತಲೆಗೆ 3.5 ಚದರ ಮೀಟರ್. ನೀರು ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್, ಒಟ್ಟು 1.5 ಲಕ್ಷ ಲೀಟರ್. 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ದಿನಕ್ಕೆ 30 ಸಲ ಬರಬೇಕು. ನೀರು ಬಂದರಷ್ಟೇ ಸಾಲದು, 250 ಜನರಿಗೊಂದರಂತೆ 40 ನಲ್ಲಿ ಬೇಕು. ಟ್ಯಾಂಕರ್ ಮುಂದೆ ಕೊಡಗಳ ಜಗಳ ಆಗುವುದು ಬಹಳ ಸಲ ನೀರು ಕಡಿಮೆ ಬಿದ್ದು ಅಲ್ಲ, ನಲ್ಲಿ ಕಡಿಮೆ ಇದ್ದು. ಟ್ಯಾಂಕರಿನ ನೀರನ್ನು ಎತ್ತರದ ತೊಟ್ಟಿಗೆ ಬಿಟ್ಟು ಅಲ್ಲಿಂದ ಸಾಲು ನಲ್ಲಿ ಎಳೆದರೆ ಅರ್ಧ ಜಗಳ ನಿಲ್ಲುತ್ತದೆ. ನಲ್ಲಿಯ ತುದಿಯಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಟ್ಯಾಂಕರಿಗೆ ಬ್ಲೀಚಿಂಗ್ ಪುಡಿ ಹಾಕಿದೆವು ಎಂದರೆ ಮುಗಿಯಲಿಲ್ಲ, ಅರ್ಧ ಗಂಟೆ ಬಿಟ್ಟು ಅಳೆದು ನೋಡಬೇಕು.

ಪಾಯಖಾನೆ ಮೊದಲ ದಿನಗಳಲ್ಲಿ 50 ಜನರಿಗೊಂದು, ಅಂದರೆ 200. ಆದಷ್ಟು ಬೇಗ 20 ಜನರಿಗೊಂದರಂತೆ 500. ಹೆಂಗಸರಿಗೆ ಮೂರಿದ್ದರೆ ಗಂಡಸರಿಗೆ ಒಂದು, ಈ ಪ್ರಮಾಣದಲ್ಲಿ. ವಾಸದಿಂದ 50 ಮೀಟರಿಗಿಂತ ದೂರ ಬೇಡ, ಬಾವಿ ಬೋರಿನಿಂದ 30 ಮೀಟರಿಗಿಂತ ಹತ್ತಿರ ಬೇಡ. ಒಳಗಿನಿಂದ ಚಿಲಕ, ಹೊರಗೆ ದೀಪ. ಈ ಚಿಲಕ ದೀಪಗಳನ್ನು ‘ಆಮೇಲೆ ನೋಡೋಣ’ ಎಂದು ಬಿಟ್ಟಲ್ಲಿ ಹೆಂಗಸರು ಕತ್ತಲಾದ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾರೆ, ಮೂತ್ರದ ಸೋಂಕು ಹತ್ತುತ್ತದೆ. ನಮ್ಮ ಭಾಗದವರು ಗಮನಿಸಬೇಕಾದ ಇನ್ನೊಂದು ಮಾತು: ಎರೆ ಭೂಮಿಯಲ್ಲಿ ಗುಂಡಿ ಪಾಯಖಾನೆ ನಿಲ್ಲುವುದಿಲ್ಲ. ಎರೆ ಮಣ್ಣು ನೀರು ಇಂಗಿಸದು, ಮಳೆಗೆ ಉಬ್ಬಿ ಗೋಡೆ ಕುಸಿಯುತ್ತದೆ. 2012ರಲ್ಲಿ ದಕ್ಷಿಣ ಸುಡಾನಿನ ಜಮಾಮ್ ಶಿಬಿರವನ್ನು ಇಂಥದೇ ಕಪ್ಪು ಮಣ್ಣಿನ ಮೇಲೆ ಹೂಡಿದ್ದರು. ಮಳೆಗಾಲದಲ್ಲಿ ಅದು ನೀರಲ್ಲಿ ನಿಂತು, ಜನರನ್ನು ಬೇರೆಡೆಗೆ ಸಾಗಿಸಬೇಕಾಯಿತು. ಮೊರಡಿ ನೆಲ ಹುಡುಕಬೇಕು, ಸಿಗದಿದ್ದರೆ ನೆಲದಿಂದ ಎತ್ತರಿಸಿ ಕಟ್ಟಬೇಕು.

ಊಟದ ಗುರಿ ತಲೆಗೆ ದಿನಕ್ಕೆ 2,100 ಕಿಲೋ ಕ್ಯಾಲರಿ. ರೂಢಿಯ ಪಡಿಯಲ್ಲಿ 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, 50 ಗ್ರಾಂ ಪೌಷ್ಟಿಕ ಹಿಟ್ಟು, ಜೊತೆಗೆ ಸಕ್ಕರೆ, ಉಪ್ಪು. 10,000 ಜನರಿಗೆ ಧಾನ್ಯವೇ ದಿನಕ್ಕೆ 40 ಕ್ವಿಂಟಲ್. ಕಾಳು ಕೊಟ್ಟು ಉರುವಲು ಕೊಡದಿರುವುದು ಮಹಾ ತಪ್ಪು. ಸುಡಾನಿನ ಡಾರ್ಫರ್‌ನಲ್ಲಿ ಸೌದೆಗೆಂದು ಶಿಬಿರದ ಹೊರಗೆ ಹೋದ ಹೆಂಗಸರ ಮೇಲೆ ಅತ್ಯಾಚಾರಗಳಾದವು.

ಪಡಿ ಯಾರ ಕೈಗೆ ಕೊಡುತ್ತೇವೆ ಎಂಬುದು ಪಡಿಯಷ್ಟೇ ಮುಖ್ಯ. 1994ರಲ್ಲಿ ರವಾಂಡಾದಿಂದ ಲಕ್ಷಾಂತರ ಜನ ಕೆಲವೇ ದಿನಗಳಲ್ಲಿ ಈಗ ಕಾಂಗೋ ಎನ್ನುವ ಜಾಯಿರ್‌ನ ಗೋಮಾಕ್ಕೆ ನುಗ್ಗಿದರು. ಅವರೊಳಗೆ ನರಮೇಧ ನಡೆಸಿದ ಸೇನೆಯವರೂ ಸೇರಿದ್ದರು, ಆಯುಧ ಕಸಿದು ಬೇರ್ಪಡಿಸಲಿಲ್ಲ. ಹಂಚಿಕೆ ಸುಲಭವಾಗಲೆಂದು ಊರ ಮುಖಂಡರ ಕೈಗೇ ಪಟ್ಟಿ, ಧಾನ್ಯ ಕೊಟ್ಟರು. ಮುಕಾದಮನ ಕೈಗೆ ಗ್ಯಾಂಗಿನ ಪಗಾರ ಕೊಟ್ಟರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಇಲ್ಲದ ತಲೆಗಳ ಹೆಸರು ಸೇರಿತು, ಉಳಿಕೆ ಧಾನ್ಯದಿಂದ ಆ ಸೇನೆ ಮತ್ತೆ ಬಲ ಪಡೆಯಿತು. ಆದ್ದರಿಂದ ಆಯುಧ ಉಳ್ಳವರನ್ನು ಗಡಿಯಲ್ಲೇ ಬೇರೆ ಮಾಡಬೇಕು, ಶಿಬಿರ ಗಡಿಯಿಂದ 50 ಕಿ.ಮೀ. ಒಳಗಿರಬೇಕು, ಪಡಿ ನೇರ ಕುಟುಂಬದ ಕೈಗೆ, ಅದರಲ್ಲೂ ಮನೆಯ ಹೆಂಗಸಿನ ಕೈಗೆ ಹೋಗಬೇಕು.

ಗೋಮಾದಲ್ಲಿ ಮೊದಲ ತಿಂಗಳಲ್ಲೇ ಸುಮಾರು 50,000 ಜನ ಸತ್ತರು, ಬಹುಪಾಲು ಕಾಲರಾ ಮತ್ತು ಆಮಶಂಕೆಯಿಂದ. ಭೇದಿಯನ್ನು ಸಣ್ಣ ಕಾಯಿಲೆ ಎಂದು ಯಾರೂ ತಿಳಿಯಬಾರದು. ಇದಕ್ಕೆ ಮದ್ದು ಕಂಡದ್ದೂ ನಿರಾಶ್ರಿತರ ಶಿಬಿರದಲ್ಲೇ, ನಮ್ಮ ದೇಶದಲ್ಲೇ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ (ಈಗಿನ ಬಾಂಗ್ಲಾದೇಶ) ಸುಮಾರು 1 ಕೋಟಿ ಜನ ಬಂದಾಗ ಪಶ್ಚಿಮ ಬಂಗಾಳದ ಬಂಗಾವ್‌ನಲ್ಲಿ ಕಾಲರಾ ಹಬ್ಬಿತು, ಸಲೈನ್ ಬಾಟಲಿ ಮುಗಿದವು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ತಾಯಂದಿರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇವತ್ತಿನ ಓಆರ್‌ಎಸ್ ಜಗತ್ತಿನ ನಂಬಿಕೆ ಗಳಿಸಿದ್ದು ಅಲ್ಲಿಂದ. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು; ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಇನ್ನೊಂದು ತುರ್ತು ದಡಾರದ ಲಸಿಕೆ. ಇಕ್ಕಟ್ಟಿನಲ್ಲಿ ಅದು ಬೆಂಕಿಯಂತೆ ಹಬ್ಬುತ್ತದೆ, ಹಾಗಾಗಿ 6 ತಿಂಗಳಿನಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಬಂದ ಮೊದಲ ದಿನಗಳಲ್ಲೇ ಹಾಕಬೇಕು, ಐದು ವರ್ಷದೊಳಗಿನವರಿಗೆ ವಿಟಮಿನ್ ‘ಎ’ ಕೂಡ ಕೊಡಬೇಕು. 10,000 ಜನರಲ್ಲಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಸಾವು ಆಗತೊಡಗಿದರೆ ಪರಿಸ್ಥಿತಿ ಕೈಮೀರುತ್ತಿದೆ ಎಂದೇ ಲೆಕ್ಕ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಮುಳುಗಡೆಯವರ ನೋವು ಬಲ್ಲವರು ಇದನ್ನು ಕೇಳಿದರೆ ತಪ್ಪಿಲ್ಲ. ಹೊಲ ಮನೆ ನೀರಿಗೆ ಕೊಟ್ಟವನ ಪರಿಹಾರ ಬಾಕಿ ಇಟ್ಟುಕೊಂಡು, ಪಕ್ಕದ ಗೋಮಾಳದಲ್ಲಿ ಹೊಸಬರಿಗೆ ಹೊಳೆಯುವ ತಗಡಿನ ಮನೆ, ದಿನವಿಡೀ ಕರೆಂಟು, ಕ್ಯಾಂಪಿನೊಳಗೆ ಡಾಕ್ಟರು ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅಲ್ಲಿ ತಪ್ಪು ಊರವರದ್ದಲ್ಲ, ಯೋಜನೆ ಬರೆದವರದ್ದು. ಉಗಾಂಡಾ ಬಡ ದೇಶ, ಆದರೂ 17 ಲಕ್ಷಕ್ಕೂ ಹೆಚ್ಚು ನಿರಾಶ್ರಿತರನ್ನು ಇಟ್ಟುಕೊಂಡಿದೆ. 2006ರ ಅದರ ಕಾಯ್ದೆ ದುಡಿಯಲು, ಓಡಾಡಲು ಹಕ್ಕು ಕೊಡುತ್ತದೆ. ಕುಟುಂಬಕ್ಕೊಂದು ತುಂಡು ನೆಲ ಸಿಗುತ್ತದೆ. ಬರುವ ನೆರವಿನಲ್ಲಿ ನೂರಕ್ಕೆ ಸುಮಾರು 30 ಭಾಗ ಅಲ್ಲಿನ ಊರವರಿಗೇ ಎಂಬ ಸೂತ್ರವೂ ಇದೆ. ನಿರಾಶ್ರಿತರಿಗೆಂದು ಕೊರೆದ ಬೋರಿನಿಂದ ಊರವರೂ ನೀರು ಒಯ್ಯುತ್ತಾರೆ, ಒಂದೇ ಶಾಲೆಯಲ್ಲಿ ಇಬ್ಬರ ಮಕ್ಕಳೂ ಕೂರುತ್ತಾರೆ. ಹೊರಗಿನ ಹಣ ಕಡಿಮೆಯಾದಾಗ ಅಲ್ಲಿ ಪಡಿಯನ್ನೂ ಕಡಿದಿದ್ದಾರೆ, ತುಂಡು ನೆಲ ಕುಟುಂಬಕ್ಕೆ ಸಾಲುವುದಿಲ್ಲ. ಆದರೂ ಬೇಲಿ ಹಾಕಿ ಕೂಡಿಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಖರ್ಚು ಯಾರದ್ದು? 2024ರ ಕೊನೆಗೆ ಜಗತ್ತಿನಲ್ಲಿ 4.27 ಕೋಟಿ ನಿರಾಶ್ರಿತರಿದ್ದರು. ನೂರಕ್ಕೆ 73 ಮಂದಿ ಇದ್ದದ್ದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಶ್ರೀಮಂತ ದೇಶಗಳು ಹಣ ಕೊಡಬೇಕು, ಜನರನ್ನೂ ಹಂಚಿಕೊಳ್ಳಬೇಕು. ಹಂಚಿಕೊಳ್ಳಲು ಸೂತ್ರಗಳಿವೆ: ಜರ್ಮನಿ ತನ್ನ ರಾಜ್ಯಗಳ ನಡುವೆ ಮೂರರಲ್ಲಿ ಎರಡು ಪಾಲು ತೆರಿಗೆ ಆದಾಯ, ಒಂದು ಪಾಲು ಜನಸಂಖ್ಯೆ ನೋಡಿ ಹಂಚುತ್ತದೆ. ನಾವೂ ಹೀಗೆ ಪಾಲು ಹಾಕಿಕೊಂಡವರೇ. 1971ರ ನವೆಂಬರ್ 15ರಿಂದ 1973ರ ಮಾರ್ಚ್‌ವರೆಗೆ ಕಾಗದ ಹಾಕುವಾಗ 5 ಪೈಸೆಯ ‘ರೆಫ್ಯೂಜಿ ರಿಲೀಫ್’ ಸ್ಟಾಂಪನ್ನು ಹೆಚ್ಚಿಗೆ ಅಂಟಿಸಬೇಕಿತ್ತು. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಆಗಿನ ಪತ್ರಗಳಿದ್ದರೆ ತೆಗೆದು ನೋಡಿ.

ನಿರಾಶ್ರಿತರನ್ನು ಇಟ್ಟುಕೊಳ್ಳುವುದು ಈ ನೆಲಕ್ಕೆ ಹೊಸದೂ ಅಲ್ಲ. ನಿಪ್ಪಾಣಿ, ಚಿಕ್ಕೋಡಿಯ ಬಟ್ಟೆ ಅಂಗಡಿಯವರಿಗೆ ಕೊಲ್ಲಾಪುರದ ಹತ್ತಿರದ ಗಾಂಧಿನಗರ ಗೊತ್ತು. ಅಲ್ಲಿಯ ವಳಿವಡೆಯಲ್ಲಿ 1943ರಿಂದ 1948ರವರೆಗೆ ಪೋಲೆಂಡಿನ ಸುಮಾರು 5,000 ಜನ ಇದ್ದರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಸೋವಿಯತ್ ಆಡಳಿತ ಅವರನ್ನು ಸೈಬೀರಿಯಾದ ಕಡೆಗೆ ಸಾಗಿಸಿತ್ತು, ಇರಾನ್ ದಾಟಿ ಇಲ್ಲಿಗೆ ಬಂದರು. ಅವರದೇ ಭಾಷೆಯ ಶಾಲೆ, ಚರ್ಚು ಇದ್ದವು. ಅವರು ಹೋದ ಮೇಲೆ ಅದೇ ಜಾಗಕ್ಕೆ ಸಿಂಧ್‌ನಿಂದ ಓಡಿಬಂದವರನ್ನು ತಂದಿಳಿಸಿದರು. ವ್ಯಾಪಾರಕ್ಕೆ ಅಡ್ಡಿ ಇರಲಿಲ್ಲ, ಅಲ್ಲೊಂದು ಬಟ್ಟೆ ಪೇಟೆಯೇ ಬೆಳೆಯಿತು. ಬೆಳಗಾವಿ ವಿಭಾಗದಲ್ಲೇ ಇರುವ ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರಿದ್ದಾರೆ: ಉಳಲು ನೆಲ, ಸಹಕಾರ ಸಂಘ, ಶಾಲೆ, ಕೈಯಲ್ಲಿ ನೋಂದಣಿ ಪತ್ರ. ಚಳಿಗಾಲದಲ್ಲಿ ಪೇಟೆಗೆ ಬಂದು ಸ್ವೆಟರ್ ಮಾರುವ ಅವರನ್ನು ನಾವು ಹೊರೆ ಎಂದುಕೊಂಡಿಲ್ಲ. ತಮಿಳುನಾಡಿನಲ್ಲಿ 1983ರ ನಂತರ ಬಂದ ಶ್ರೀಲಂಕಾ ತಮಿಳರಲ್ಲಿ ಹಲವರು ನಾಲ್ಕು ದಶಕ ಕಳೆದರೂ ಶಿಬಿರದ ಸಣ್ಣ ಖೋಲಿಗಳಲ್ಲೇ ಇದ್ದಾರೆ. ಒಂದೇ ದೇಶ, ಎರಡು ಬಗೆ. ನಮ್ಮಲ್ಲಿ ನಿರಾಶ್ರಿತರ ಕಾಯ್ದೆ ಇಲ್ಲದ್ದೇ ಇದಕ್ಕೆ ದೊಡ್ಡ ಕಾರಣ. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ನಿರಾಶ್ರಿತ ಎಂಬ ಬೇರೆ ವರ್ಗ ಮಾಡಿಲ್ಲ. ಸಂವಿಧಾನದ 21ನೇ ವಿಧಿಯ ಜೀವರಕ್ಷಣೆ ವಿದೇಶಿಯರಿಗೂ ಉಂಟು ಎಂದು ಈಗಿನ ಬಾಂಗ್ಲಾದೇಶದ ಕಡೆಯಿಂದ ಓಡಿಬಂದ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕೋರ್ಟಿನ ಬಾಗಿಲಿಗೆ ಹೋಗಬಲ್ಲವರು ಎಷ್ಟು ಜನ? ಯಾರು ಬಂದರೂ ಒಂದೇ ಅಳತೆಗೋಲಿನಲ್ಲಿ ನೋಡುವ ಕಾಯ್ದೆ ನಮಗೆ ಬೇಕು.

ತಿರುಗಿ ಕಳಿಸುವುದು? ಯುದ್ಧ ನಿಂತು ಅವರೇ ಹೊರಟರೆ ಅದಕ್ಕಿಂತ ಒಳ್ಳೆಯದಿಲ್ಲ. 1971ರಲ್ಲಿ ಬಂದವರಲ್ಲಿ ಹೆಚ್ಚಿನವರು 1972ರ ಮೊದಲ ತಿಂಗಳುಗಳಲ್ಲೇ ಹೋದರು. ಒತ್ತಾಯ ಕೂಡದು. ಮೊದಲು ಮನೆಗೊಬ್ಬರು ಹೋಗಿ ಊರು ನೋಡಿ ಬರಲು ಬಿಡಬೇಕು, ಹಾಗೆ ಹೋದದ್ದಕ್ಕೆ ಅವರ ಕಾಗದ ರದ್ದಾಗಬಾರದು. ಹೋದವರಿಗೆ ಅಲ್ಲಿ ಎದುರಾಗುವ ಮೊದಲ ಜಗಳ ನೆಲದ್ದು. 2018ರಲ್ಲಿ ಸಿರಿಯಾ ಹೊರಡಿಸಿದ 10ನೇ ಸಂಖ್ಯೆಯ ಕಾನೂನು, ಪುನರ್ನಿರ್ಮಾಣಕ್ಕೆ ಗುರುತಿಸಿದ ಜಾಗದಲ್ಲಿ ಆಸ್ತಿಯುಳ್ಳವರು 30 ದಿನದೊಳಗೆ ಹಕ್ಕು ಸಾಬೀತು ಮಾಡಬೇಕು ಎಂದಿತು. ಆಮೇಲೆ ಅದನ್ನು ಒಂದು ವರ್ಷಕ್ಕೆ ಏರಿಸಿದರು. ಲೆಬನಾನಿನ ತಾಡಪತ್ರಿ ಗುಡಿಸಲಲ್ಲಿ ಕೂತವರು ಏನನ್ನು ತೋರಿಸಿ ಸಾಬೀತು ಮಾಡಬೇಕು? ಹಾಗಾಗಿ ನೋಂದಣಿಯ ಮೇಜಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಬೇಕು: ಹೊಲದ, ಮನೆಯ ಕಾಗದ ಏನಾದರೂ ತಂದಿದ್ದೀರಾ? ಉತಾರದಂಥ ಪತ್ರವಾಗಲಿ, ಕರೆಂಟ್ ಬಿಲ್ಲಾಗಲಿ, ಮೊಬೈಲಿನಲ್ಲಿರುವ ಮನೆಯ ಫೋಟೊ ಆಗಲಿ, ಸ್ಕ್ಯಾನ್ ಮಾಡಿ ಕುಟುಂಬದ ನಂಬರಿನಡಿ ಇಟ್ಟು, ಒಂದು ಪ್ರತಿಯನ್ನು ಅವರ ಕೈಗೆ ಕೊಡಬೇಕು. ಶಿಬಿರದಲ್ಲಿ ಹುಟ್ಟಿದ ಮಗುವಿನ ಜನನ ಪ್ರಮಾಣಪತ್ರವೂ ಅದೇ ಕಡತದಲ್ಲಿರಬೇಕು. ತಂದೆಯ ನೆಲಕ್ಕೆ ಆ ಮಗು ವಾರಸು ಎಂದು ತೋರಿಸಲು ಬೇರೆ ದಾಖಲೆ ಇರುವುದಿಲ್ಲ.